ಅಪ್ಪನ ತಟ್ಟೆ, ಅವ್ವನ ಯಕ್

ಛೀ, ಥೂ ಅನ್ನುವ ಮಾತುಗಳು ನಮ್ಮ ಮನೆಯಲ್ಲಿ ಎಲ್ಲರ ಸೊತ್ತಾಗಿರಲಿಲ್ಲ. ಅಪ್ಪ ಯಾರಿಗೆ ಬೇಕಾದರೂ ಅನ್ನಬಹುದಿತ್ತು. ಉಪ್ಪು ಕಮ್ಮಿಯಾದ ಸಾರಿಗೆ ಅನ್ನುತ್ತಿದ್ದ, ಅವ್ವನ ತವರಿಗೆ ಅನ್ನುತ್ತಿದ್ದ, ನನ್ನ ಮಾರ್ಕ್ಸ್ ಕಾರ್ಡಿಗೂ ಅನ್ನುತ್ತಿದ್ದ. ಅಜ್ಜಿ ಅವ್ವನಿಗೆ ಅನ್ನಬಹುದಿತ್ತು. ಅವ್ವ ನನಗೆ ಅನ್ನಬಹುದಿತ್ತು. ನಾನು ಬೀದಿನಾಯಿಗೆ ಅನ್ನಬಹುದಿತ್ತು, ಅದೂ ಕಚ್ಚದ ನಾಯಿಯಾದರೆ. ನೀರಿನ ಹಾಗೆ ಆ ಮಾತು ಮೇಲಿನಿಂದ ಕೆಳಕ್ಕೆ ಮಾತ್ರ ಇಳಿಯಬೇಕು, ಏರುವ ಹಾಗಿಲ್ಲ. ಏರಿದರೆ ಏನಾಗುತ್ತದೆ ಅನ್ನುವುದನ್ನು ನಾನು ಸಣ್ಣವಳಿದ್ದಾಗಲೇ ಅಜ್ಜಿ ಹೇಳಿಕೊಟ್ಟಿದ್ದಳು.

"ಗಂಡಂಗೆ ಛೀ ಅಂದೋಳ ನಾಲ್ಗೇಲಿ ಉಳ ಬೀಳ್ತದೆ ಕಣಮ್ಮಿ. ನೋಡಿವ್ನಿ ನಾನು."

ಎಲ್ಲಿ ನೋಡಿದ್ದಳೋ, ಯಾರ ನಾಲಿಗೆಯೋ, ನಾನು ಕೇಳಲಿಲ್ಲ. ಕೇಳಿದ್ದರೆ ನನಗೇ ಒಂದು ಛೀ ಬೀಳುತ್ತಿತ್ತು. ಈಗ ನನ್ನ ಮಗಳು ಊಟಕ್ಕೆ ಕೂತರೆ ಹಾಗಲಕಾಯಿಗೆ ಯಕ್, ಹಾಲಿನ ಕೆನೆಗೆ ಯಕ್, ನರಸೀಪುರದ ಬಸ್ ಸ್ಟ್ಯಾಂಡಿಗೆ ಯಕ್ ಅನ್ನುತ್ತಾಳೆ. ಕಡಲೆಪುರಿ ಎರಚಿದ ಹಾಗೆ ಎರಚುತ್ತಾಳೆ ಆ ಮಾತನ್ನು. ಒಂದೊಂದು ಸಲ ಕಪಾಲಕ್ಕೆ ಬಾರಿಸೋಣ ಅನ್ನಿಸುತ್ತದೆ. ನಮ್ಮ ಮನೆಗೆ ಆ ಮಾತು ಹೇಗೆ ಬಂತು, ಬಂದು ಏನು ಮಾಡಿತು ಅಂತ ಅವಳಿಗೆ ಹೇಳಿದ್ದೇನೆ. ಅವಳು ಪೂರ್ತಿ ಕೇಳದೆ ಎದ್ದು ಹೋದಳು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಇದ್ದದ್ದು ನಂಜನಗೂಡಿನಲ್ಲಿ, ಸಾಲುಮನೆಗಳಲ್ಲೊಂದು ಬಾಡಿಗೆ ಮನೆಯಲ್ಲಿ. ಮುಂದೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅದಕ್ಕಂಟಿದ ಬಚ್ಚಲು, ಅಷ್ಟೇ. ಮೇಲೆ ಶೀಟು. ಬೇಸಿಗೆಯಲ್ಲಿ ಒಳಗೆ ಕೂತರೆ ಬೇಯುತ್ತಿದ್ದೆವು. ಅಪ್ಪನಿಗೆ ತಾಂಡ್ಯದ ಒಂದು ಫ್ಯಾಕ್ಟರಿಯಲ್ಲಿ ಕೆಲಸ. ಅಜ್ಜಿ ಅಂದರೆ ಅಪ್ಪನ ಅವ್ವ. ಹೆಮ್ಮರಗಾಲದ ಹೊಲಮನೆಯನ್ನು ಚಿಕ್ಕಪ್ಪನಿಗೆ ಬಿಟ್ಟು ದೊಡ್ಡ ಮಗನ ಜೊತೆಗೆ ಬಂದಿದ್ದಳು. ಮಗನ ಮೇಲಿನ ಪ್ರೀತಿಗೆ ಬಂದಳು ಅಂತ ಎಲ್ಲರೂ ಹೇಳುತ್ತಿದ್ದರು. ಸೊಸೆಯನ್ನು ಕಾಯುವುದಕ್ಕೆ ಬಂದಳು ಅಂತ ನಾನು ಹೇಳುತ್ತೇನೆ. ಅವ್ವ ಕಾವೇರಿ ದಡದ ಮುಡುಕುತೊರೆ ಕಡೆಯವಳು. ಅವಳು ಸ್ವಲ್ಪ ತಲೆ ಎತ್ತಿ ನಡೆದರೂ ಸಾಕು, ಅಜ್ಜಿಗೆ ಮೈ ಉರಿಯುತ್ತಿತ್ತು. ಕಾವೇರಿ ನೀರು ಕುಡಿದವಳಿಗೆ ಪೊಗರು ಜಾಸ್ತಿ ಅನ್ನುತ್ತಿದ್ದಳು, ನಾವೇನು ಕಪಿಲೆಯ ದಡದಲ್ಲಿ ಬಾಯಾರಿ ಕೂತಿದ್ದೇವೆ ಅನ್ನುವ ಹಾಗೆ.

ನಮ್ಮ ಮನೆಯ ಪದ್ಧತಿ ಏನೆಂದರೆ, ಗಂಡ ಉಂಡ ತಟ್ಟೆಯನ್ನು ತೊಳೆಯದೆ ಅದರಲ್ಲೇ ಹೆಂಡತಿ ಉಣ್ಣಬೇಕು. ಹಬ್ಬದ ದಿನ ಶಾಸ್ತ್ರಕ್ಕೆ ಅಂತ ಗಂಡನ ಎಲೆಯ ಮುಂದೆ ಕೂತು ಒಂದು ತುತ್ತು ತಿಂದು ಏಳುವವರು ನಮ್ಮ ಕಡೆ ಬೇಕಾದಷ್ಟು ಮಂದಿ. ಅಜ್ಜಿಗೆ ಶಾಸ್ತ್ರ ಸಾಲದು. ದಿನಾ ಆಗಬೇಕು, ಅವಳ ಕಣ್ಣೆದುರಿಗೇ ಆಗಬೇಕು. ಅಪ್ಪ ಉಂಡು ಎದ್ದ ತಕ್ಷಣ ಅವಳು ಅಕ್ಕಿ ಡ್ರಮ್ಮಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅವ್ವ ತಟ್ಟೆಯ ಮುಂದೆ ಕೂತು ಮೊದಲ ತುತ್ತು ಬಾಯಿಗಿಡುವ ತನಕ ಅಲ್ಲಿಂದ ಕದಲುತ್ತಿರಲಿಲ್ಲ. ಅಪ್ಪನೋ, ಚೊಕ್ಕವಾಗಿ ಉಣ್ಣುವ ಆಸಾಮಿಯಲ್ಲ. ಅಗಿದು ಉಗಿದ ನುಗ್ಗೆಕಾಯಿ ಸಿಪ್ಪೆ, ಚೀಪಿದ ಮೂಳೆ, ಕಚ್ಚಿ ಬಿಟ್ಟ ಮೆಣಸಿನಕಾಯಿ, ಬೆರಳಿನ ಗುರುತು ಬಿದ್ದ ಅರ್ಧ ಮುದ್ದೆ. ಇದನ್ನೆಲ್ಲ ಅವ್ವ ಒಂದು ಅಂಚಿಗೆ ಸರಿಸಿ ಉಳಿದ ಜಾಗದಲ್ಲಿ ತನ್ನ ಮುದ್ದೆ ಇಟ್ಟುಕೊಳ್ಳುತ್ತಿದ್ದಳು. ಅರ್ಧ ಮುದ್ದೆಯನ್ನು ಮಾತ್ರ ಸರಿಸುವ ಹಾಗಿರಲಿಲ್ಲ, ಅದು ಪ್ರಸಾದ, ಮೊದಲು ಅದನ್ನೇ ನುಂಗಬೇಕು. ಇನ್ನು ಕೋಪ ಬಂದ ದಿನ ಅಪ್ಪ ಬಚ್ಚಲಿಗೆ ಹೋಗುತ್ತಲೇ ಇರಲಿಲ್ಲ. ಕೂತಲ್ಲೇ ಚೊಂಬು ಎತ್ತಿ ತಟ್ಟೆಯೊಳಗೇ ಕೈ ತೊಳೆದು, ಬಾಯಿ ಮುಕ್ಕಳಿಸಿ ಅಲ್ಲೇ ಉಗಿದು ಎದ್ದು ಹೋಗುತ್ತಿದ್ದ. ಅವ್ವ ಆ ನೀರನ್ನು ಬಗ್ಗಿಸಿ ಅದೇ ತಟ್ಟೆಗೆ ಬಡಿಸಿಕೊಳ್ಳಬೇಕು. ಬಗ್ಗಿಸಿದರೆ ತೊಳೆದ ಹಾಗಲ್ಲ ಅಂತ ಅಜ್ಜಿಯ ತೀರ್ಪು ಬೇರೆ ಇತ್ತು.

ಇದೇ ಅಪ್ಪ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಉಂಡಾದ ಮೇಲೆ ತನ್ನ ತಟ್ಟೆಯ ಉಳಿಕೆಯನ್ನು ಡಬ್ಬಕ್ಕೆ ಬಡಿದು, ನಲ್ಲಿಯ ಕೆಳಗೆ ಹಿಡಿದು ತೊಳೆದು, ಸಾಲಿನಲ್ಲಿ ಜೋಡಿಸಿ ಬರುತ್ತಿದ್ದನಂತೆ. ಅಲ್ಲಿಯ ರೂಲ್ಸು ಹಾಗೆ. ಇದನ್ನು ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದ, ನೀಟಾಗಿರುತ್ತೆ ನಮ್ಮ ಕ್ಯಾಂಟೀನು ಅಂತ. ಅಲ್ಲಿ ಅವನ ಗಂಡಸ್ತನಕ್ಕೆ ಒಂದು ಚೂರೂ ಮುಕ್ಕಾಗುತ್ತಿರಲಿಲ್ಲ ನೋಡಿ. ಅವ್ವ ಒಂದು ಸಲ ತವರಿಗೆ ಹೋದಾಗ ತನ್ನ ತಾಯಿಯ ಹತ್ತಿರ ಈ ವಿಷಯ ಎತ್ತಿದಳು. ನಾನು ಅಲ್ಲೇ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ.

"ನಾವೆಲ್ಲಾ ಉಂಡಿಲ್ವಾ ಮಗಾ? ಎಂಜ್ಲು ಉಂಡ್ರೆ ಗಂಡ ಎಂಡ್ರಲ್ಲಿ ಪ್ರೀತಿ ಎಚ್ತದೆ."

ಪ್ರೀತಿಯಂತೆ, ಮಣ್ಣು. ಹಾಗಿದ್ದರೆ ಗಂಡಸರು ಯಾಕೆ ಹೆಂಡತಿಯ ಎಂಜಲು ಉಂಡು ಪ್ರೀತಿ ಹೆಚ್ಚಿಸಿಕೊಳ್ಳುವುದಿಲ್ಲ? ಅವ್ವ ಮತ್ತೆ ಆ ವಿಷಯ ಎತ್ತಲಿಲ್ಲ. ಬಸ್ಸಿನಲ್ಲಿ ನಂಜನಗೂಡಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಕಿಟಕಿ ಕಡೆ ಮುಖ ಮಾಡಿಕೊಂಡಿದ್ದಳು.

ನನ್ನನ್ನು ಇಂಗ್ಲಿಷ್ ಮೀಡಿಯಂ ಸ್ಕೂಲಿಗೆ ಹಾಕಿದ್ದು ಅವ್ವನ ಹಟದಿಂದ. ಆ ಸ್ಕೂಲಿನಲ್ಲಿ ಒಂದು ದಿನ ನಾನು ಟಿಫಿನ್ ಬಾಕ್ಸಿನ ಮುಚ್ಚಳ ತೆಗೆದೆ. ಹುರುಳಿಕಾಳಿನ ಸಾರು ಕಲಸಿದ ಅನ್ನ. ಕಪ್ಪಗೆ ಮುದ್ದೆಯಾಗಿತ್ತು, ಒಪ್ಪಿಕೊಳ್ಳುತ್ತೇನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ಬಗ್ಗಿ ನೋಡಿ, ಮೂಗು ಹಿಡಿದುಕೊಂಡು, ಯಕ್ ಅಂದಳು. ಸುತ್ತ ಇದ್ದವರೆಲ್ಲ ನಕ್ಕರು. ನನಗೆ ಅಳುವಿಗಿಂತ ಹೆಚ್ಚಾಗಿ ಕುತೂಹಲವಾಯಿತು, ಯಾಕೆಂದರೆ ಅವಳ ಮುಖ ನಮ್ಮ ಅಪ್ಪ ಥೂ ಅನ್ನುವಾಗಿನ ಮುಖದ ಹಾಗೇ ಇತ್ತು, ಆದರೆ ಯಾರೂ ಹೊಡೆದಾಡಲಿಲ್ಲ, ಯಾರ ಮನೆತನದ ಮಾತೂ ಎದ್ದು ಬರಲಿಲ್ಲ. ಮಧ್ಯಾಹ್ನ ಇಂಗ್ಲಿಷ್ ಮಿಸ್ಸನ್ನು ಕೇಳಿದೆ. ಅವರು ಬೋರ್ಡಿನ ಮೇಲೆ ಬರೆದೇ ವಿವರಿಸಿದರು. ನೋಡುವುದಕ್ಕೋ ಮುಟ್ಟುವುದಕ್ಕೋ ತಿನ್ನುವುದಕ್ಕೋ ಅಸಹ್ಯವಾದಾಗ ಬಾಯಿಂದ ತಾನಾಗಿ ಬರುವ ಮಾತು ಅದು. ಕೊಳಕಿಗೆ, ಕೊಳೆತದ್ದಕ್ಕೆ, ವಾಸನೆಗೆ ಅನ್ನಬಹುದು. ಮನುಷ್ಯರನ್ನು ನೋಡಿ ಅನ್ನಬಾರದು. ಆಮೇಲೆ ನನಗೇ ಹೇಳಿದರು, ಎಲ್ಲಿ, ಒಂದು ಸೆಂಟೆನ್ಸ್ ಮಾಡು ಅಂತ. ನಾನು ಎದ್ದು ನಿಂತು ನನಗೆ ಬಂದ ಇಂಗ್ಲಿಷಿನಲ್ಲಿ, ಯಕ್, ಮೈ ಫಾದರ್ ಪ್ಲೇಟ್ ಅಂದೆ.

"ಹಾಗೆಲ್ಲ ಅನ್ನಬಾರದು ಪುಟ್ಟಿ. ತಟ್ಟೆ ಗಲೀಜಾಗಿದ್ರೆ ತೊಳೆದ್ರೆ ಆಯ್ತಲ್ಲ?"

"ತೊಳೆಯಂಗಿಲ್ಲ ಮಿಸ್. ನಮ್ಮವ್ವ ಅದ್ರಲ್ಲೇ ಉಣ್ಬೇಕು."

ಮಿಸ್ಸು ಡಸ್ಟರ್ ಎತ್ತಿಕೊಂಡರು. ಆಮೇಲೆ ಕೂತ್ಕೋ ಅಂದು ಬೋರ್ಡ್ ಒರೆಸಿಬಿಟ್ಟರು. ಅವರಿಗೂ ಮದುವೆಯಾಗಿತ್ತು.

ಸಂಜೆ ಅವ್ವ ಬಚ್ಚಲಲ್ಲಿ ಪಾತ್ರೆ ಬೆಳಗುತ್ತಿದ್ದಾಗ ನಾನು ಈ ಮಾತನ್ನು ಅವಳಿಗೆ ಕಲಿಸಿದೆ. ಅವಳು ಕೇಳಿದ ಪ್ರಶ್ನೆಗಳು ನನಗೆ ಚೆನ್ನಾಗಿ ನೆನಪಿವೆ. ನಮ್ಮ ಕ್ಲಾಸಿನಲ್ಲಿ ಯಾರೂ ಹಾಗೆ ಕೇಳಿರಲಿಲ್ಲ.

"ಇದ್ನ ಯಾರ್ ಬೇಕಾದ್ರೂ ಅನ್ಬೋದಾ?"

"ಹೂಂ ಕಣವ್ವ."

"ಹೆಂಗಸ್ರೂವಾ? ಬೈಗುಳ ಅಲ್ವಾ ಇದು?"

"ಬೈಗುಳ ಅಲ್ಲ. ಅಸಹ್ಯ ಆದ್ರೆ ತಾನಾಗೇ ಬತ್ತದಂತೆ. ಮಿಸ್ಸೇ ಹೇಳುದ್ರು."

ಅವ್ವ ಬೂದಿ ಕೈಯಲ್ಲೇ ಮೂತಿಗೆ ಸೆರಗು ಒತ್ತಿಕೊಂಡು ಯಕ್ ಅಂದಳು. ಅಂದು ನಕ್ಕಳು. ಇನ್ನೊಂದು ಸಲ ಅಂದಳು. ಅವತ್ತಿನಿಂದ ನಮ್ಮಿಬ್ಬರಿಗೂ ಅದೇ ಆಟವಾಯಿತು. ಹುಳುಕು ಬದನೆಕಾಯಿ ಹೆಚ್ಚುವಾಗ ಯಕ್, ಅಪ್ಪನ ಸಾಕ್ಸು ಒಗೆಯುವಾಗ ಯಕ್, ಅಜ್ಜಿ ಎಲೆಅಡಿಕೆ ಉಗುಳುವ ಡಬ್ಬ ಚೆಲ್ಲುವಾಗ ಇಬ್ಬರೂ ಒಟ್ಟಿಗೇ ಯಕ್. ಅಜ್ಜಿಗೆ ಕಿವಿ ಚುರುಕು.

"ಅದ್ಯಾನ ತಾಯಿ ಮಗ್ಳು ಕ್ಯಾಕರ್ಸ್ತಾ ಇದ್ದೀರಿ? ಸೀತ ಆಗದಾ?"

ಶೀತ ಕಣತ್ತೆ ಅನ್ನುತ್ತಿದ್ದಳು ಅವ್ವ. ಅಷ್ಟು ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದು ಹೊರಗೆ ಬರುವುದಕ್ಕೆ ಅವಳಿಗೆ ಒಂದು ದಾರಿ ಸಿಕ್ಕಿತ್ತು. ಆದರೆ ಊಟದ ತಟ್ಟೆಯ ಮುಂದೆ ಮಾತ್ರ ಅವಳು ಆ ಮಾತು ಆಡಿರಲಿಲ್ಲ. ಅಲ್ಲಿ ಬಾಯಿ ಮುಚ್ಚಿಕೊಂಡು ಸರಿಸುವುದನ್ನು ಸರಿಸಿ, ನುಂಗುವುದನ್ನು ನುಂಗಿ ಏಳುತ್ತಿದ್ದಳು.

ಒಂದು ಭಾನುವಾರ. ಬಾಡೂಟ. ಅಪ್ಪನಿಗೆ ಆ ಹೊತ್ತಿಗೆ ಗುಟ್ಕಾ ಚಟ ಬಲವಾಗಿ ಹಿಡಿದಿತ್ತು, ವಸಡಲ್ಲಿ ರಕ್ತ ಬರುತ್ತಿತ್ತು. ಅವತ್ತು ಮೂಳೆ ಕಡಿದು ಕಡಿದು ತಟ್ಟೆಗೆ ಉಗಿದ. ಮಸಾಲೆ ಕಡಿಮೆಯಾಗಿದೆ ಅಂತ ಬೈದ. ಬೈದು ಅರ್ಧ ಮುದ್ದೆ ಬಿಟ್ಟು, ಬಾಯಿ ಮುಕ್ಕಳಿಸಿ ಅಲ್ಲೇ ಉಗಿದು ಎದ್ದು, ಬಾಗಿಲ ಹತ್ತಿರ ಕೂತು ಹಲ್ಲು ಕೆದಕತೊಡಗಿದ. ಅವ್ವ ತಟ್ಟೆ ಎತ್ತಿ ನೀರು ಬಗ್ಗಿಸಿದಳು. ಮುದ್ದೆಯ ಮೇಲೆ ಕೆಂಪಗೆ ಒಂದು ಎಳೆ, ಅದರ ಪಕ್ಕ ಗುಟ್ಕಾದ ಅಡಿಕೆ ಚೂರು. ನಾನೂ ನೋಡಿದೆ.

"ಇನ್ಯಾಕೆ ತಡ? ಕುಂತ್ಕೊ, ಉಣ್ಣು," ಅಂದಳು ಅಜ್ಜಿ, ಡ್ರಮ್ಮಿಗೆ ಒರಗಿಕೊಂಡು.

ಅವ್ವ ತಟ್ಟೆಯನ್ನು ನೆಲಕ್ಕಿಟ್ಟಳು. ಕೂರಲಿಲ್ಲ. ನಿಂತುಕೊಂಡೇ, ಮೂರು ಮನೆಗೆ ಕೇಳುವ ಹಾಗೆ, ಯಕ್ ಅಂದಳು.

ಅಪ್ಪ ಹಲ್ಲುಕಡ್ಡಿ ಹಿಡಿದ ಕೈ ಹಾಗೇ ನಿಲ್ಲಿಸಿ ತಿರುಗಿದ.

"ಏನಂದ್ಲು ಅವ್ಳು? ಏಯ್ ಅಮ್ಮಿ, ಬಾ ಇಲ್ಲಿ. ಇಂಗ್ಲೀಸ್ ಕಲ್ತಿದ್ದೀಯಲ್ಲ, ಏನದು ಹೇಳು."

ನಾನು ಅವ್ವನ ಮುಖ ನೋಡಿದೆ. ಇಲ್ಲ ಅನ್ನು, ಶೀತ ಅನ್ನು ಅಂತ ಸನ್ನೆ ಮಾಡುತ್ತಾಳೇನೋ ಅಂತ. ಅವ್ವ ಮಾಡಲಿಲ್ಲ.

"ಹೇಳಮ್ಮಿ. ಮಿಸ್ಸು ಹೆಂಗೆ ಹೇಳ್ಕೊಟ್ರೋ ಹಂಗೇ ಹೇಳು," ಅಂದಳು.

"ಅಸಹ್ಯ ಆಯ್ತದೆ ಅಂತ ಅರ್ಥ. ನೋಡುದ್ರೆ ಹೊಟ್ಟೆ ತೊಳಸ್ತದೆ ಅಂತ," ಅಂದೆ.

ಅಪ್ಪ ಎದ್ದು ಬಂದ. ಹೊಡೆಯುತ್ತಾನೆ ಅಂದುಕೊಂಡೆ. ಅವ್ವ ಹಿಂದೆ ಸರಿಯಲಿಲ್ಲ.

"ಗಂಡನ ಎಂಜ್ಲು ಅಸಹ್ಯವಾ ನಿಂಗೆ?"

"ಹೂಂ, ಅಸಹ್ಯವೇ. ಇವತ್ತಲ್ಲ, ಈ ಮನೆಗೆ ಕಾಲಿಟ್ಟ ದಿನದಿಂದ್ಲೂ ಅಸಹ್ಯ. ಬಾಯಿ ಬಿಟ್ಟು ಹೇಳಿರ್ನಿಲ್ಲ, ಇವತ್ತು ಹೇಳ್ದೆ. ಇನ್ನು ನಾನು ಈ ತಟ್ಟೇಲಿ ಉಣ್ಣಕಿಲ್ಲ."

ಅಪ್ಪ ಕೈ ಎತ್ತುವ ಮೊದಲೇ ಅಜ್ಜಿ ಎದ್ದಳು. ನನ್ನಜ್ಜಿ ಅಷ್ಟು ಬೇಗ ಎದ್ದದ್ದನ್ನು ನಾನು ನೋಡಿರಲಿಲ್ಲ. ಬಂದವಳೇ ತಟ್ಟೆಯನ್ನು ಎಳೆದುಕೊಂಡು ಚಕ್ಕಂಬಕ್ಕಳ ಹಾಕಿ ಕೂತಳು.

"ನೀ ಓಗ್ ಮಗಾ, ಆಚೆ ಕುಂತ್ಕೊ. ಇವ್ಳಿಗೆ ಅಸಹ್ಯ ಆದ್ರೆ ಎತ್ತೋಳಿಗೆ ಅಸಹ್ಯ ಇಲ್ಲ. ನಾನುಣ್ತೀನಿ. ನೋಡ್ಲಿ ಈ ರಂಡೆ, ಕಣ್ ಬಿಟ್ಕೊಂಡು ನೋಡ್ಲಿ."

ಆ ಕೆಂಪು ಎಳೆ ಇದ್ದ ಮುದ್ದೆಯನ್ನೇ ಮುರಿದು, ಅವ್ವನ ಮುಖವನ್ನು ದುರುಗುಟ್ಟಿಕೊಂಡು ನೋಡುತ್ತಾ, ನುಂಗಿದಳು. ಅಜ್ಜಿಗೆ ಹಲ್ಲಿರಲಿಲ್ಲ. ಅಪ್ಪ ಕಡಿದು ಬಿಟ್ಟಿದ್ದ ಮೂಳೆಯನ್ನೂ ಬಿಡದೆ ಚೀಪಿದಳು. ಅವ್ವನಿಗೆ ನಾಚಿಕೆಯಾಗಲಿ, ಅಯ್ಯೋ ಬೇಡ ಅತ್ತೆ ಅಂತ ಕಾಲಿಗೆ ಬೀಳಲಿ ಅಂತ ಅವಳ ಲೆಕ್ಕ. ಅವ್ವ ಬೀಳಲಿಲ್ಲ. ಸಾರಿನ ಪಾತ್ರೆಯ ಮುಚ್ಚಳವನ್ನು ಅಂಗಾತ ಮಾಡಿ ಅದಕ್ಕೆ ಬಡಿಸಿಕೊಂಡು, ಒಲೆಯ ಪಕ್ಕ ಕೂತು ಉಂಡಳು. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು ತನ್ನ ತಾಯಿ ಚೀಪುತ್ತಿದ್ದದ್ದನ್ನು ಒಂದು ಗಳಿಗೆ ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಅಜ್ಜಿ ಹಟದಲ್ಲಿ ಹೆಮ್ಮರಗಾಲಕ್ಕೇ ಹೆಸರಾದವಳು. ಮಾರನೆಯ ದಿನವೂ ಮಗನ ತಟ್ಟೆಗೆ ಕೂತಳು, ಅದರ ಮಾರನೆಯ ದಿನವೂ ಕೂತಳು. ಸೊಸೆ ಬಗ್ಗುವ ತನಕ ಬಿಡುವುದಿಲ್ಲ ಅಂದಳು. ಒಂದು ವಿಷಯ ಮಾತ್ರ ಅವಳಿಗೆ ಹೊಳೆದಿರಲಿಲ್ಲ. ನಮ್ಮಲ್ಲಿ ಹೆಂಡತಿ ಎಂಜಲು ಉಂಡರೆ ಅದು ಪತಿಭಕ್ತಿ. ಹೆತ್ತ ತಾಯಿ ಉಂಡರೆ ಅದು ಮಗನ ಪಾಪ. ತಾಯಿಗೆ ಎಂಜಲಿಕ್ಕಿದವನು ಅನ್ನುವುದಕ್ಕಿಂತ ಕೆಟ್ಟ ಬೈಗುಳ ನಮ್ಮ ಕಡೆ ಇಲ್ಲ. ಪಕ್ಕದ ಮನೆಯ ರತ್ನಮ್ಮ ಮಜ್ಜಿಗೆ ಕೇಳಿಕೊಂಡು ಬಂದವಳು ಈ ನೋಟ ಕಂಡು, ಲೋಟ ಹಿಡಿದು ನಿಂತಲ್ಲೇ ನಿಂತಳು.

"ಶಿವನೇ! ಮಗನ ಎಂಜ್ಲ ಉಣ್ತಿದ್ದೀಯಲ್ಲಾ ದೊಡ್ಡವ್ವ! ಏನ್ ಗತಿ ಬಂತು ನಿಂಗೆ?"

ಅಜ್ಜಿ ಸೊಸೆಯ ಕಡೆ ಬೆರಳು ತೋರಿಸಿದಳು. ರತ್ನಮ್ಮ ಅಪ್ಪನ ಕಡೆ ನೋಡಿದಳು. ಕೇರಿಯಲ್ಲಿ ಸುದ್ದಿ ಹಬ್ಬಿದ್ದು ರತ್ನಮ್ಮ ನೋಡಿದ ಹಾಗೇ, ತಾಯಿಗೆ ಎಂಜಲಿಕ್ಕಿದ ಮಗ ಅಂತ. ಅಪ್ಪ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯತೊಡಗಿದ. ಊಟಕ್ಕೆ ಕೂತರೆ ಅವನ ಕೈ ಓಡುತ್ತಿರಲಿಲ್ಲ. ಮೂಳೆಯನ್ನು ತಟ್ಟೆಗೆ ಉಗಿಯುವುದು ನಿಂತಿತು, ಎದ್ದು ಹೋಗಿ ಆಚೆ ಎಸೆದು ಬರುತ್ತಿದ್ದ. ತಟ್ಟೆಯಲ್ಲಿ ಕೈ ತೊಳೆಯುವುದು ನಿಂತಿತು. ಒಂದು ಅಗುಳೂ ಉಳಿಯದ ಹಾಗೆ ಬೆರಳಲ್ಲಿ ಬಳಿದು ಬಳಿದು ಉಣ್ಣುತ್ತಿದ್ದ. ಅಷ್ಟೊಂದು ಚೊಕ್ಕವಾಗಿ ಉಣ್ಣುವುದು ಅವನಿಗೆ ಬರುತ್ತಿತ್ತು ಅಂತ ನಮಗೆ ಗೊತ್ತಾದದ್ದೇ ಆವಾಗ. ಅಜ್ಜಿ ಆ ಬಳಿದ ತಟ್ಟೆಗೇ ಮುದ್ದೆ ಹಾಕಿಸಿಕೊಂಡು ಕೂರುತ್ತಿದ್ದಳು.

"ಬ್ಯಾಡ ಕಣವ್ವ. ನಿನ್ ಕೈ ಮುಗೀತೀನಿ, ಬಿಟ್ಬುಡು."

"ನಿನ್ನೆಂಡ್ರು ಉಣ್ಣಗಂಟ ನಾ ಬುಡಕಿಲ್ಲ. ನಂಗೇಳ್ಬ್ಯಾಡ, ಅವ್ಳಿಗೇಳು."

ಅವಳಿಗೆ ಹೇಳಿದ. ಅವ್ವನನ್ನು ಬಚ್ಚಲ ಬಾಗಿಲಲ್ಲಿ ಅಡ್ಡಗಟ್ಟಿ, ಜೀವಮಾನದಲ್ಲಿ ಮೊದಲ ಸಲ ಮೆತ್ತಗಿನ ದನಿಯಲ್ಲಿ ಹೇಳಿದ, ಒಂದೇ ಒಂದು ತುತ್ತು ಉಣ್ಣು, ಮುದುಕಿ ಹಟ ಮುರಿಯುತ್ತದೆ, ಮನೆ ಮಾನ ಉಳಿಯುತ್ತದೆ ಅಂತ. ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಅವ್ವ ಹೂಂ ಅಂದುಬಿಟ್ಟರೆ ಎಲ್ಲ ಮುಗಿಯಿತು, ಒಂದು ತುತ್ತು ಉಂಡವಳು ಸಾಯುವ ತನಕ ಉಣ್ಣಬೇಕಾಗುತ್ತದೆ, ಆಮೇಲೆ ಒಂದು ದಿನ ಎಲ್ಲೋ ಒಂದು ಮನೆಯಲ್ಲಿ ನನ್ನನ್ನೂ ಹಾಗೇ ಕೂರಿಸುತ್ತಾರೆ ಅಂತ ನನಗೆ ಭಯವಾಗುತ್ತಿತ್ತು. ಭಯ ಅನ್ನುವುದಕ್ಕಿಂತ ಕೋಪ. ಆ ಕೋಪ ನನ್ನಲ್ಲಿ ಇನ್ನೂ ಇದೆ, ನನ್ನ ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರಿಗೆ ಅದರ ಪರಿಚಯವೂ ಆಯಿತು. ಅವ್ವ ಅವನ ಭುಜ ತಾಕದ ಹಾಗೆ ಓರೆಯಾಗಿ ದಾಟಿಕೊಂಡು ಒಳಗೆ ಬಂದಳು.

ಅಪ್ಪನಿಗೆ ಈಗ ವಯಸ್ಸಾಗಿದೆ, ಅವನ ಬಗ್ಗೆ ಹೀಗೆಲ್ಲ ಬರೆಯಬೇಕಾ ಅಂತ ನನ್ನ ಗಂಡ ಕೇಳಿದ. ಬರೆಯಬೇಕು. ವಯಸ್ಸಾಗುವುದು ಯಾರೂ ಕಷ್ಟಪಟ್ಟು ಮಾಡುವ ಕೆಲಸವಲ್ಲ, ಅದಕ್ಕೆ ಮಾಫಿ ಕೊಡುವುದಕ್ಕೆ. ಹಬ್ಬಕ್ಕೆ ಹೋಗುತ್ತೇನೆ, ಮಾತಾಡಿಸುತ್ತೇನೆ, ಮಾತ್ರೆ ತಂದುಕೊಡುತ್ತೇನೆ. ಅಷ್ಟೇ.

ಅಜ್ಜಿಯ ಹಟ ಹಾಗೇ ನಡೆಯುತ್ತಿರುವಾಗ ಒಂದು ಭಾನುವಾರ ಮಧ್ಯಾಹ್ನ ಅಪ್ಪ ಉಂಡು ಎದ್ದವನು ತಟ್ಟೆಯನ್ನು ಅಲ್ಲೇ ಬಿಡಲಿಲ್ಲ. ಕೈಯಲ್ಲಿ ಹಿಡಿದುಕೊಂಡು ಬಚ್ಚಲಿಗೆ ಹೋದ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವ ಸದ್ದು ಕೇಳಿಸಿತು. ಅಜ್ಜಿ ಎದೆ ಎದೆ ಬಡಿದುಕೊಂಡಳು.

"ಅಯ್ಯೋ ನನ್ನಪ್ಪಾ! ಗಂಡ್ಸಾಗಿ ತಟ್ಟೆ ತೊಳ್ದಾ! ಎಂಥಾ ಮನೇಗೆ ಎಂಥಾ ಮಾರಿ ತಂದ್ಕೊಂಡ್ನೋ!"

ಅಪ್ಪ ತಟ್ಟೆಯನ್ನು ತಂದು ಅವ್ವನ ಮುಂದೆ ಇಟ್ಟ. ಫಳಫಳ ಹೊಳೆಯುತ್ತಿತ್ತು. ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಕೊ. ನಾನೇ ತೊಳ್ದಿವ್ನಿ. ಇನ್ಮ್ಯಾಕೆ ಯಾರೂ ನನ್ನೆಂಜ್ಲು ಉಣ್ಬೇಕಾಗಿಲ್ಲ. ಸಮಾಧಾನ ಆಯ್ತಾ?"

ನನಗಂತೂ ಕುಣಿಯುವ ಹಾಗಾಯಿತು. ಗೆದ್ದೆವು ಅಂದುಕೊಂಡೆ. ಅವ್ವ ನಗುತ್ತಾಳೆ ಅಂತ ನೋಡಿದೆ. ಅವಳ ಮುಖ ಗಂಟಿಕ್ಕಿತ್ತು. ನಾನು ಅದುವರೆಗೆ ಅವಳಲ್ಲಿ ಅಷ್ಟು ಸಿಟ್ಟು ಕಂಡಿರಲಿಲ್ಲ, ಉಗಿದ ತಟ್ಟೆಯ ಮುಂದೆ ಕೂಡ ಕಂಡಿರಲಿಲ್ಲ.

"ಒಂದ್ ಮಾತು ಕೇಳ್ತೀನಿ, ಹೇಳಿ," ಅಂದಳು. "ನಿಮ್ಮವ್ವ ಉಣ್ಣೋದ ಕಣ್ಣಲ್ಲಿ ನೋಡಕ್ಕಾಗ್ದೆ ಹೋಗಿ ತೊಳ್ಕೊಬಂದ್ರಿ. ಸರಿ. ಇಷ್ಟ್ ವರ್ಸ ಇದೇ ಜಾಗ್ದಲ್ಲಿ ಕುಂತು ನಾನು ಉಂಡ್ನಲ್ಲ, ಆಗ ನಿಮ್ ಕಣ್ಣು ಎಲ್ಲಿದ್ವು?"

ಅವ್ವ ಆ ಹೊಳೆಯುವ ತಟ್ಟೆಯನ್ನು ಎರಡು ಬೆರಳಲ್ಲಿ ಅಜ್ಜಿಯ ಕಡೆ ದೂಡಿ, ಪಾತ್ರೆಯ ಮುಚ್ಚಳವನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

"ಅಮ್ಮಿ, ನಂಗೆ ಮುದ್ದೆ ಹಾಕು. ಹೊಟ್ಟೆ ಹಸೀತದೆ."